ಪದ ಬೇಕಿತ್ತು: ಕಂಪ್ಯೂಟರ್ "ಆನ್ ಆಗುದಿಲ್ಲ" ಅನ್ನುದಕ್ಕೆ (ಸೋಮವಾರದೊಳಗೆ)

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರದ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುದು ನಾನು. ಡೆಸ್ಕ್‌ಟಾಪ್ ಆನ್ ಆಗದಿದ್ರೆ ನನ್ನನ್ನು ಕರೆಯುವ ಮೊದಲು ಮಕ್ಕಳು ಎಂತೆಲ್ಲ ನೋಡ್ಬೇಕು ಅಂತ ಗೋಡೆಗೆ ಒಂದು ಚಾರ್ಟ್ ಅಂಟಿಸ್ಬೇಕು. ಮೊದಲೇ ಒಂದು ಚಾರ್ಟ್ ಉಂಟು, ಮಲಯಾಳದಿಂದ ಕನ್ನಡಕ್ಕೆ ಇಳಿಸಿದ್ದು, ಅದರಲ್ಲಿ "ಯಂತ್ರವು ಪ್ರವರ್ತಿಸುವುದಿಲ್ಲ" ಅಂತ ಬರೆದಿದ್ದಾರೆ, ಮಕ್ಕಳು ಓದಿ ನಗಾಡ್ತವೆ.

ನನ್ನ ಕಷ್ಟ ಎಂತ ಅಂದ್ರೆ ಮೂರು ಬೇರೆ ಬೇರೆ ತೊಂದರೆಗೂ ನಾವು ಹೇಳುದು ಆನ್ ಆಗುದಿಲ್ಲ ಅಂತ್ಲೇ. ಗುಬ್ಬಿ ಒತ್ತಿದ್ರೂ ಫ್ಯಾನಿಲ್ಲ ಲೈಟಿಲ್ಲ, ಪೂರ್ತಿ ಡೆಡ್, ಅದು ಒಂದು, ಆಗ ನೋಡ್ಬೇಕಾದ್ದು ಪ್ಲಗ್ಗು, ವಯರು, ಹಿಂದೆ ಕರೆಂಟ್ ಕೊಡುವ ಪೆಟ್ಟಿಗೆ ಎಸ್‌ಎಂಪಿಎಸ್‌ನಲ್ಲಿರುವ ಸಣ್ಣ ಸ್ವಿಚ್ಚು. ಇನ್ನೊಂದರಲ್ಲಿ ಫ್ಯಾನ್ ತಿರುಗ್ತದೆ, ಡಿಸ್‌ಪ್ಲೇ ಬರುದಿಲ್ಲ, ಆಗ ಮಾನಿಟರಿನ ಕೇಬಲ್, ಇಲ್ಲದಿದ್ರೆ ರ‍್ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿ ಹಾಕುದು (ಅದು ನನ್ನ ಕೆಲಸ). ಕೊನೇದು ಡಿಸ್‌ಪ್ಲೇ ಬಂದು ಉಬುಂಟು (ನಮ್ಮ ಲ್ಯಾಬಿನ ಆಪರೇಟಿಂಗ್ ಸಿಸ್ಟಂ) ಲೋಡ್ ಆಗದೆ ನಿಲ್ಲುದು. ಕಡೆಪಕ್ಷ ಮೊದಲನೇದಕ್ಕಾದ್ರೂ ಒಂದು ಪದ ಕೊಡಿ.

ಮಂಜೇಶ್ವರದಿಂದ:
ಟೀಚರೇ, ಪದ ನಿಮ್ಮ ಅಡಿಗೆಮನೆಯಲ್ಲೇ ಉಂಟು. ಹೊತ್ತು. ಒಲೆ ಹೊತ್ತುತ್ತದೆ, ದೀಪ ಹೊತ್ತುತ್ತದೆ, ಕಂಪ್ಯೂಟರೂ ಹೊತ್ತಲಿ. ಹಳಗನ್ನಡದಲ್ಲಿ ಪೊತ್ತು, ತುಳುವರು ಈಗಲೂ ಪೊತ್ತಾವುನಿ ಅಂತಾರೆ. ಸೂರ್ಯ ಹೊತ್ತುವುದರಿಂದಲೇ ಕಾಲಕ್ಕೂ ಹೊತ್ತು ಅಂತ ಹೆಸರು ಬಂದದ್ದು. ಇಷ್ಟು ಚಂದದ ಪದ ಇರುವಾಗ ಆನ್ ಯಾಕೆ?

ಕಾಸರಗೋಡಿನಿಂದ:
ತಪ್ಪು. ಕಾಲದ ಹೊತ್ತು ಹಳಗನ್ನಡದಲ್ಲಿ ಪೊೞ್ತು, ತಮಿಳಿನ ಪೊೞುದು ನೋಡಿ. ಉರಿಯುವ ಹೊತ್ತು ಪೊತ್ತು, ಅದರಲ್ಲಿ ೞಕಾರವೇ ಇಲ್ಲ. ಈಗ ಎರಡೂ ಒಂದೇ ಥರ ಕೇಳ್ತದೆ ಅಂತ ಒಂದೇ ತಾಯಿಯ ಮಕ್ಕಳು ಮಾಡ್ಬೇಡಿ. ಮತ್ತೆ ಕಂಪ್ಯೂಟರ್ ಹೊತ್ತಿತು ಅಂತ ಮಗು ಓಡಿ ಬಂದು ಹೇಳಿದ್ರೆ ಟೀಚರು ಬಕೆಟಲ್ಲಿ ನೀರು ಹಿಡಿದು ಹೋಗ್ಬೇಕಾದೀತು.

ಅಕ್ಕಲಕೋಟೆಯಿಂದ:
ನಮ್ಮ ಕಡೆ ಇದಕ್ಕ ಇಷ್ಟೆಲ್ಲಾ ಜಗಳ ಇಲ್ರಿ. "ಚಾಲೂ ಆಗವಲ್ದು" ಅಂತೀವಿ, ಮುಗೀತು. ಮೋಟಾರ್ ಪಂಪಿಗೂ ಅದ, ಕಂಪ್ಯೂಟರಿಗೂ ಅದ.

ಬೆಂಗಳೂರಿನಿಂದ:
ಚಾಲೂ ಕನ್ನಡ ಅಲ್ಲ. ಕಂಪ್ಯೂಟರ್ ಅನ್ನೋದನ್ನೂ ಬಿಡಿ, ಎಣ್ಣುಕ ಅನ್ನಿ. ಆಮೇಲೆ ಗುಬ್ಬಿ ಅಂದ್ರೆ ಹಕ್ಕಿ, ಗುಂಡಿ ಅಂತ ಬರೀಬೇಕು.

ಅಕ್ಕಲಕೋಟೆಯಿಂದ:
ಅರಬಿ ಕುರ್ಚಿ ಮ್ಯಾಲೆ ಕುಂತು, ಪೋರ್ಚುಗೀಸ್ ಚಾವಿ ಕಿಸೇದಾಗ ಇಟಗೊಂಡು, ನಮ್ಮ ಚಾಲೂ ಒಂದೇ ಕಣ್ಣಿಗೆ ಬಿತ್ತೇನ್ರಿ ನಿಮಗ? ನಿಮ್ಮ ಎಣ್ಣುಕ ನಮ್ಮೂರಾಗ ಯಾರಿಗೆ ತಿಳೀತದ?

ಕುಂಬಳೆಯಿಂದ:
ನಾನು ರಿಪೇರಿ ಅಂಗಡಿಯವ, ವ್ಯಾಕರಣ ಅಷ್ಟಕ್ಕಷ್ಟೆ. ಗುಬ್ಬಿ ನಮ್ಮಲ್ಲಿ ಅಂಗಿಯಲ್ಲೂ ಉಂಟು ಮಾರಾಯ್ರೆ, ಹಾರಿ ಹೋಗುದಿಲ್ಲ. ಒಂದು ವಿಷಯ ಹೇಳ್ತೇನೆ, ಕಂಪ್ಯೂಟರಿನ ಎದುರಿನ ಗುಬ್ಬಿ ನಿಮ್ಮ ಮನೆ ಫ್ಯಾನಿನ ಸ್ವಿಚ್ಚಿನ ಹಾಗಲ್ಲ, ಅದು ಕರೆಂಟನ್ನು ಕಡಿಯುದೂ ಇಲ್ಲ ಜೋಡಿಸುದೂ ಇಲ್ಲ. ಪ್ಲಗ್ ಹಾಕಿ ಹಿಂದಿನ ಸ್ವಿಚ್ ಒತ್ತಿದ ಕೂಡ್ಲೇ ಎಸ್‌ಎಂಪಿಎಸ್‌ನ ನೇರಳೆ ವಯರಲ್ಲಿ 5 ವೋಲ್ಟ್ ಬಂದು ಕೂತಿರ್ತದೆ, ಗುಬ್ಬಿ ಒತ್ತಿದಾಗ ಮದರ್‌ಬೋರ್ಡು ಹಸಿರು ವಯರನ್ನು ಅರ್ತಿಗೆ ಎಳೀತದೆ, ಆಮೇಲೆ 12 ವೋಲ್ಟು, ಫ್ಯಾನು ಎಲ್ಲ ಸುರು. ನಾವು 24 ಪಿನ್ನಿನ ಕನೆಕ್ಟರ್ ಬೋರ್ಡಿಂದ ತೆಗೆದು ಹಸಿರನ್ನೂ ಅರ್ತಿನ ಕಪ್ಪು ವಯರನ್ನೂ ಒಂದು ಪೇಪರ್ ಕ್ಲಿಪ್ಪಲ್ಲಿ ಜೋಡಿಸಿ ನೋಡುದು, ಅಷ್ಟಕ್ಕೂ ಫ್ಯಾನ್ ತಿರುಗದಿದ್ರೆ ಎಸ್‌ಎಂಪಿಎಸ್ ಹೋಗಿದೆ ಅಂತ ಲೆಕ್ಕ (ಇದನ್ನು ಮಕ್ಕಳ ಚಾರ್ಟಿಗೆ ಹಾಕ್ಬೇಡಿ ಪುಣ್ಯಕ್ಕೆ). ಅಂದ್ರೆ ಗುಬ್ಬಿ ಮಾಡುದು ಎಬ್ಬಿಸುವ ಕೆಲಸ. "ಏಳುದಿಲ್ಲ" ಅಂತ ಬರೀರಿ.

ಕಾಸರಗೋಡಿನಿಂದ:
ವಿವರಣೆ ಸರಿ, ಪದ ಬೇಡ. ಸ್ಲೀಪಿಗೆ ಹೋದದ್ದನ್ನು ಎಬ್ಬಿಸುದಕ್ಕೆ ಏಳು ಬೇಕಾಗ್ತದೆ, ಇಲ್ಲಿ ಖರ್ಚು ಮಾಡಿದ್ರೆ ಅಲ್ಲಿಗೆ ಎಂತ ಮಾಡ್ತೀರಿ?

ಬೆಂಗಳೂರಿನವರಿಗೆ ಒಂದು ಮಾತು. ನಿಮ್ಮಲ್ಲಿ ಎರವಲು ಅಂದ್ರೆ ರುಚಿಯ ಪ್ರಶ್ನೆ. ನಮ್ಮ ಮಕ್ಕಳು, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ, ಕೇರಳದ ಸಿಲೆಬಸ್ಸನ್ನು ಕನ್ನಡದಲ್ಲಿ ಓದ್ತಾ ಇದ್ದಾರೆ. ಆನ್, ಸ್ವಿಚ್ಚು ನಮಗೇನೂ ಮಾಡಿಲ್ಲ, ಅದು ಬೇರೆ ಭಾಷೆಯದ್ದು ಅಂತ ಎಲ್ಲರಿಗೂ ಗೊತ್ತುಂಟು. ತೊಂದರೆ ಕೊಡುದು ಪ್ರವರ್ತಿಸು ಥರದ್ದು. ಲಿಪಿ ಕನ್ನಡ, ಪದ ನಮ್ಮ ನಿಘಂಟಲ್ಲೂ ಉಂಟು, ಅರ್ಥ ಮಾತ್ರ ಮಲಯಾಳದ್ದು (ಅಲ್ಲಿ ಕೆಲಸ ಮಾಡು ಅಂತ). ಮಗು ಅದನ್ನೇ ಕನ್ನಡ ಅಂತ ಕಲೀತದೆ. ಜಗಳ ಮಾಡುದಿದ್ರೆ ಅದರ ಮೇಲೆ ಮಾಡಿ.

ಬೆಂಗಳೂರಿನಿಂದ:
ಪ್ರವರ್ತಿಸು ಸಂಸ್ಕೃತ. ಅದಕ್ಕೇ ಹೇಳಿದ್ದು.

ಬದಿಯಡ್ಕದಿಂದ:
ಚಾರ್ಟ್ ಪ್ರಿಂಟಿಗೆ ಕೊಟ್ಟಾಯ್ತು. ಆರನೇ ಕ್ಲಾಸಿನ ಒಬ್ಬ ಹುಡುಗ ನಿನ್ನೆ ಬಂದು "ಟೀಚರ್, ನಾಲ್ಕನೇ ನಂಬ್ರದ್ದು ಮಿಸುಕುದೇ ಇಲ್ಲ" ಅಂದ, ಅದನ್ನೇ ತಕೊಂಡೆ. ಈಗ ಹೀಗುಂಟು: "ಗುಬ್ಬಿ ಒತ್ತಿದರೂ ಮಿಸುಕದಿದ್ದರೆ", "ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಇದ್ದರೆ", "ಪರದೆ ಬೆಳಗಿ ಅಲ್ಲಿಗೇ ನಿಂತರೆ". ಆ ನಾಲ್ಕನೇ ನಂಬ್ರದ್ದಕ್ಕೆ ಹಿಂದಿನ ಸ್ವಿಚ್ಚೇ ಹಾಕಿರ್ಲಿಲ್ಲ, ಗುಡಿಸುವಾಗ ಯಾರದ್ದೋ ಕೈ ತಾಗಿದ್ದಿರ್ಬೇಕು.

ಮಂಜೇಶ್ವರದಿಂದ:
ಮಿಸುಕು ಪರವಾಗಿಲ್ಲ. ಆದ್ರೆ ಪರದೆ ಬೆಳಗಿ ಅಂತ ಹಾಕಿದಲ್ಲಿ ಹೊತ್ತಿ ಅಂತ ಹಾಕಬಹುದಿತ್ತು.