ಮಕ್ಕಳ ತಲೆಯ ಚರ್ಮ ನೋಡುವ ಕ್ರಮ

ಪ್ರಶ್ನೆ: ತೊಂದರೆಯಿಲ್ಲದ ಮಕ್ಕಳ ತಲೆ ನೋಡುವಾಗ ಎಲ್ಲಿಂದ ಶುರು ಮಾಡಬೇಕು? ಹೊಟ್ಟು, ಸೀರು (ಹೇನಿನ ಮೊಟ್ಟೆ) ಎರಡೂ ಬಿಳಿ, ಗುರುತಿಸೋದು ಹೇಗೆ?

ಉತ್ತರ 1: ಕಿವಿಯ ಹಿಂದಿನಿಂದ, ಆಮೇಲೆ ಕತ್ತಿನ ಮೇಲ್ಭಾಗ. ಹಗಲು ಬೆಳಕಲ್ಲಿ ಕೂರಿಸಿ, ಒಂದೊಂದು ಸೆಂಟಿಮೀಟರಿಗೆ ಬೈತಲೆ ತೆಗೆಯುತ್ತ ಹೋಗಿ. ಎಣ್ಣೆ ಹಚ್ಚಿದ ದಿನ ಬೇಡ, ಹೊಟ್ಟು ಕೂದಲಿಗಂಟಿ ಮೋಸ ಮಾಡುತ್ತೆ. ಒಣಗಿದ ಹೊಟ್ಟು ಉಗುರು ತಾಗಿದರೆ ಉದುರುತ್ತೆ. ಸೀರು ಕೂದಲಿನ ಒಂದು ಬದಿಗೆ ಓರೆಯಾಗಿ ಅಂಟಿರುತ್ತೆ, ಎಳೆದರೂ ಸುಲಭಕ್ಕೆ ಜಾರಲ್ಲ. ಬುಡದಿಂದ 6 ಮಿಲಿಮೀಟರ್ ಒಳಗಿದ್ದರೆ ಜೀವ ಇರಬಹುದು, ಅದಕ್ಕಿಂತ ದೂರದ್ದು ಸಾಮಾನ್ಯವಾಗಿ ಖಾಲಿ ಚಿಪ್ಪು.

ಉತ್ತರ 2: ಎಲ್ಲವನ್ನೂ ಹೊಟ್ಟು ಅಂತ ಬಿಡಬೇಡಿ. ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳಂತೆ ಕಂಡರೆ ಹುಳುಕಡ್ಡಿ ಇರಬಹುದು. ಮುಲಾಮು ಕೂದಲ ಬೇರಿಗೆ ಇಳಿಯಲ್ಲ, ನುಂಗುವ ಮದ್ದೇ ಬೇಕು. ವೈದ್ಯರಿಗೆ ತೋರಿಸಿ.

ಉತ್ತರ 3: ಹಿಂದಲೆಯಲ್ಲಿ ಬಟಾಣಿಗಿಂತ ಚಿಕ್ಕ, ಬೆರಳಿಗೆ ಜರುಗುವ ಗಂಟು (ಚರ್ಮದಡಿಯ ದುಗ್ಧಗ್ರಂಥಿ) ಆರೋಗ್ಯವಂತ ಮಕ್ಕಳಲ್ಲೂ ಸಿಗುತ್ತೆ. ಗಾಬರಿ ಬೇಡ.