ಚೈನ್ ರೂಲ್ ಬಾಯಿಗೆ ಬರುತ್ತದೆ, ಲೆಕ್ಕದಲ್ಲಿ ಬರುವುದಿಲ್ಲ: ನೀವೇನು ಮಾಡಿದಿರಿ?

ಘಾಟ್‌ಕೋಪರ್‌ನಿಂದ ಪ್ರಶ್ನೆ:
ಮಗಳು 12ನೇ ಸೈನ್ಸ್, ಮಹಾರಾಷ್ಟ್ರ ಬೋರ್ಡ್. ಡಿಫರೆನ್ಸಿಯೇಷನ್ (ಒಂದು ಬದಲಾದಾಗ ಇನ್ನೊಂದು ಎಷ್ಟು ವೇಗದಲ್ಲಿ ಬದಲಾಗುತ್ತದೆ ಅನ್ನುವ ಲೆಕ್ಕ) ಸೂತ್ರಗಳೆಲ್ಲ ಕಂಠಪಾಠ. ಹೋಂವರ್ಕ್ ಪೂರ್ತಿ ಸರಿ, ಟೆಸ್ಟಿನಲ್ಲಿ 20ಕ್ಕೆ 7. ಹೋಂವರ್ಕ್ ಮಾಡುವುದು ಫೋನಿನ ಆ್ಯಪ್ ಅಂತ ಮೊನ್ನೆ ಗೊತ್ತಾಯಿತು. ನಾನು ಊರಲ್ಲಿ ಕಾಮರ್ಸ್ ಓದಿದವಳು, ಮನೆಯವರದ್ದು ರಾತ್ರಿ ಶಾಲೆಯಲ್ಲಿ ಹತ್ತನೇ ತನಕ. ಇನ್ನೊಂದು ಕ್ಲಾಸಿಗೆ ಫೀ ಕಟ್ಟುವ ಮೊದಲು ನಿಮ್ಮ ಅನುಭವ ಹೇಳಿ.

ಡೊಂಬಿವಲಿಯಿಂದ:
ಅಕ್ಕ, ಫೀ ಕಟ್ಟಲು ಅವಸರ ಬೇಡ. ನಾನು ಮನೆಯಲ್ಲೇ ಟ್ಯೂಷನ್ ಹೇಳುವವಳು. ಇಂಥ ಮಕ್ಕಳಿಗೆ ಸೂತ್ರ ಬರುತ್ತದೆ, ಯಾವ ಸೂತ್ರ ಮೊದಲು ಅನ್ನುವುದು ಬರುವುದಿಲ್ಲ. ನಾನು ಮಾಡಿಸುವುದು ಇಷ್ಟೆ. ಎಕ್ಸ್ ಜಾಗದಲ್ಲಿ 2 ಹಾಕಿ ಬೆಲೆ ಕಟ್ಟುವ ಹಾಗೆ ಬಾಯಲ್ಲಿ ಹೇಳಲಿ, ಕಟ್ಟಕಡೆಗೆ ಮಾಡಿದ ಕೆಲಸ ಯಾವುದೋ ಅದರ ನಿಯಮ ಮೊದಲು. ನಮ್ಮ ಅಪ್ಪ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುತ್ತಿದ್ದವರು. ಕಡೆಗೆ ಸುತ್ತಿದ ದಾರವನ್ನಲ್ಲವೇ ಮೊದಲು ಬಿಚ್ಚುವುದು?

(3ಎಕ್ಸ್ + 1)⁵ ತಗೊಳ್ಳಿ. ಮೂರರಿಂದ ಗುಣಿಸಿದೆ, ಒಂದು ಕೂಡಿಸಿದೆ, ಕಡೆಗೆ ಐದನೇ ಘಾತ. ಹಾಗಾಗಿ ಮೊದಲು ಘಾತ ಬಿಚ್ಚಿ 5(3ಎಕ್ಸ್ + 1)⁴, ಆಮೇಲೆ ಒಳಗಿನದರ ಡೆರಿವೇಟಿವ್ (ಡಿಫರೆನ್ಸಿಯೇಷನ್ ಮಾಡಿ ಬಂದದ್ದು) 3, ಅದರಿಂದ ಗುಣಿಸಿ. ಉತ್ತರ 15(3ಎಕ್ಸ್ + 1)⁴. ಹೀಗೆ ಹೊರಗಿನಿಂದ ಒಳಕ್ಕೆ ಬಿಚ್ಚಿ ಗುಣಿಸುವುದೇ ಚೈನ್ ರೂಲ್. ಆ 3 ಅನ್ನು ಮರೆಯದ ಮಗುವನ್ನು ನಾನಿನ್ನೂ ನೋಡಿಲ್ಲ.

ಸೈನ್ ಎಕ್ಸ್‌ನ ವರ್ಗ, ಎಕ್ಸ್ ವರ್ಗದ ಸೈನ್, ಇವೆರಡನ್ನೂ ಅಕ್ಕಪಕ್ಕ ಬರೆಸಿ. ಮೊದಲನೆಯದರಲ್ಲಿ ವರ್ಗ ಕಡೆಗೆ ಬಂತು: 2 ಸೈನ್ ಎಕ್ಸ್ ಕಾಸ್ ಎಕ್ಸ್. ಎರಡನೆಯದರಲ್ಲಿ ಸೈನ್ ಕಡೆಗೆ: 2ಎಕ್ಸ್ ಕಾಸ್ ಎಕ್ಸ್². ಇದು ಬೇರೆ ಬೇರೆ ಅಂತ ತಾನೇ ಹೇಳಿದ ದಿನ ಅರ್ಧ ಕೆಲಸ ಮುಗಿಯಿತು.

ಗುಣಾಕಾರದಲ್ಲಿ ಎರಡರ ಡೆರಿವೇಟಿವ್ ತೆಗೆದು ಗುಣಿಸಿಬಿಡುತ್ತಾರೆ. ಬೈಯಬೇಡಿ. 1675ರ ನವೆಂಬರಿನ ಟಿಪ್ಪಣಿಯಲ್ಲಿ, ಈ ಗಣಿತ ಕಟ್ಟಿದವರಲ್ಲಿ ಒಬ್ಬರಾದ ಲೈಬ್ನಿಟ್ಸ್ ಕೂಡ ಹಾಗೆ ಗುಣಿಸಿದರೆ ಆಗುತ್ತದೆಯೇ ಅಂತ ಕೇಳಿಕೊಂಡು, ಆಗುವುದಿಲ್ಲ ಅಂತ ಕಂಡುಕೊಂಡವರು. ಎಕ್ಸ್² × ಎಕ್ಸ್³ ಕೊಡಿ. ತಪ್ಪು ದಾರಿಯಲ್ಲಿ 6ಎಕ್ಸ್³ ಬರುತ್ತದೆ. ಎಕ್ಸ್⁵ ಅಂತ ಮೊದಲೇ ಗುಣಿಸಿಕೊಂಡರೆ 5ಎಕ್ಸ್⁴. ಮತ್ತೆ ವಾದಕ್ಕೆ ಜಾಗ ಇರುವುದಿಲ್ಲ.

ಚಿಂಚವಾಡದಿಂದ:
ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಆ್ಯಪ್ ಬಿಡಿಸಬೇಡಿ ಆಂಟಿ, ಬಿಡಿಸಿದರೆ ಕದ್ದು ನೋಡ್ತಾಳೆ. ಉತ್ತರ ಬರೆದ ಮೇಲೆ ಮಾತ್ರ ಫೋಟೊ ಹಿಡಿಯಲಿ. ಒಂದು ತೊಂದರೆ, ಆ್ಯಪ್ ಸೈನ್ 2ಎಕ್ಸ್ ಅನ್ನುತ್ತೆ, ನಾವು 2 ಸೈನ್ ಎಕ್ಸ್ ಕಾಸ್ ಎಕ್ಸ್ ಬರೆದಿರ್ತೇವೆ. ಎರಡೂ ಒಂದೇ. ಅದು ತಿಳಿಯದೆ ನಾನು ಸರಿಯಾದ ಉತ್ತರ ಹೊಡೆದು ಹಾಕಿದ್ದೆ. ಇಂಜಿನಿಯರಿಂಗ್ ಪ್ರವೇಶಕ್ಕೆ ಬರೆಯುವ ನಮ್ಮ ಮಹಾರಾಷ್ಟ್ರದ ಸಿಇಟಿಯಲ್ಲಿ ಗಣಿತಕ್ಕೆ 50 ಪ್ರಶ್ನೆ, 90 ನಿಮಿಷ. ಒಂದಕ್ಕೆ ಎರಡು ನಿಮಿಷವೂ ಸಿಗಲ್ಲ. ಅಲ್ಲಿ ಕೈ ತಾನಾಗೇ ಓಡಬೇಕು.

ವಾಸ್ಕೋದಿಂದ:
ನನ್ನ ಮಗ ಕ್ಯಾಲ್ಕುಲೇಟರ್‌ನಲ್ಲಿ ತಾಳೆ ನೋಡುತ್ತಿದ್ದ. ಎಕ್ಸ್ 0 ಇದ್ದಾಗ ಸೈನ್‌ನ ಡೆರಿವೇಟಿವ್ 1 ಬರಬೇಕು, ಅವನಿಗೆ 0.01745 ಬರುತ್ತಿತ್ತು. ಸೂತ್ರವೇ ತಪ್ಪು ಅಂತ ಎರಡು ದಿನ ಪುಸ್ತಕದ ಮೇಲೆ ಸಿಟ್ಟು. ಕಡೆಗೆ ನೋಡಿದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿತ್ತು ಮಾರಾಯ್ರೆ! ರೇಡಿಯನ್‌ಗೆ (ಕೋನ ಅಳೆಯುವ ಇನ್ನೊಂದು ಮಾನ) ಹಾಕಿ ಅಂತ ಮೊದಲೇ ಹೇಳಿ. ಭಾಗಾಕಾರದ ಸೂತ್ರಕ್ಕೆ ನಮ್ಮ ಮನೆಯ ಪಾಠ: ಕೆಳಗಿನದ್ದು ಹಾಗೇ ಇಟ್ಟು ಮೇಲಿನದ್ದರ ಡೆರಿವೇಟಿವ್, ಮೈನಸ್, ಮೇಲಿನದ್ದು ಹಾಗೇ ಇಟ್ಟು ಕೆಳಗಿನದ್ದರದು, ಎಲ್ಲದರ ಕೆಳಗೆ ಕೆಳಗಿನದ್ದರ ವರ್ಗ. ದೋಸೆ ಹೊಯ್ಯುವಾಗಲೂ ಕೇಳುತ್ತಿದ್ದೆ.

ಘಾಟ್‌ಕೋಪರ್‌ನಿಂದ ಮತ್ತೆ:
ನಿನ್ನೆ ಹಳೆ ಟೆಸ್ಟ್ ಪೇಪರ್ ತೆಗೆದು ಕೂತೆವು. ಎಂಟು ತಪ್ಪಿನಲ್ಲಿ ಐದು, ಒಳಗಿನದರ ಡೆರಿವೇಟಿವ್ ಬಿಟ್ಟದ್ದು! ದಾರದ ಮಾತು ಅವಳಿಗಿಂತ ಅವಳ ಅಪ್ಪನಿಗೆ ಬೇಗ ಹತ್ತಿತು, ಈಗ ಪ್ರತಿ ಲೆಕ್ಕಕ್ಕೂ “ಕಡೆಗೆ ಏನು ಕಟ್ಟಿದ್ದು?” ಅಂತ ಅವರೇ ಕೇಳುತ್ತಾರೆ. ಎಕ್ಸ್‌ಗೆ ಎಕ್ಸ್ ಘಾತ ಇದ್ದಲ್ಲಿ ಮಾತ್ರ ಇಬ್ಬರೂ ನಿಂತಿದ್ದಾರೆ.

ಡೊಂಬಿವಲಿಯಿಂದ:
ಅಲ್ಲಿ ಘಾತದ ಸೂತ್ರ ನಡೆಯದು, ಅದಕ್ಕೆ ಮೇಲಿರುವುದು ಬರಿ ಸಂಖ್ಯೆ ಆಗಿರಬೇಕು. ವೈ ಅಂತ ಇಟ್ಟುಕೊಂಡು ಎರಡೂ ಕಡೆ ಲಾಗ್ (ನ್ಯಾಚುರಲ್ ಲಾಗ್) ತೆಗೆಯಲಿ, ಘಾತ ಕೆಳಗಿಳಿದು ಎಕ್ಸ್ × ಲಾಗ್ ಎಕ್ಸ್ ಆಗುತ್ತದೆ. ಅದು ಬರಿ ಗುಣಾಕಾರ. ಕಡೆಗೆ ಎಕ್ಸ್‌ನ ಎಕ್ಸ್ ಘಾತ × (1 + ಲಾಗ್ ಎಕ್ಸ್) ಬರಬೇಕು. ಬಂತಾ ಅಂತ ತಿಳಿಸಿ.