ನೆಲದ ಮೇಲಿನ ಜೀವಂತ ಪದರ: ಪಾಚಿಯೇ, ಹಕ್ಕಳೆಯೇ, ಪೊರೆಯೇ?

ನೀಲಿಹಸಿರು ಪಾಚಿ, ಶಿಲೀಂಧ್ರ, ಕಲ್ಲುಹೂವು (ಲೈಕೆನ್), ಹಾವಸೆಗಳು (ಮಾಸ್) ಮಣ್ಣಿನ ಮೇಲ್ಭಾಗದ ಕೆಲವೇ ಮಿಲಿಮೀಟರುಗಳಲ್ಲಿ ಮಣ್ಣಕಣಗಳೊಡನೆ ಹೆಣೆದುಕೊಂಡು ಕಟ್ಟುವ ಪದರಕ್ಕೆ ಇಂಗ್ಲಿಷಿನಲ್ಲಿ ‘ಬಯಾಲಾಜಿಕಲ್ ಸಾಯಿಲ್ ಕ್ರಸ್ಟ್’ ಎಂಬ ಹೆಸರಿದೆ. ಇದಕ್ಕೆ ಒಪ್ಪುವ ಕನ್ನಡ ಪದ ಯಾವುದು? ಇದನ್ನು ‘ಜೈವಿಕ ಮಣ್ಣಿನ ಹೊರಪದರ’ ಎಂದರೆ ‘ಜೈವಿಕ’ ಎಂಬುದು ಪದರವನ್ನು ಬಿಟ್ಟು ಮಣ್ಣಿಗೆ ಅಂಟಿಕೊಳ್ಳುತ್ತದೆ. ‘ಹೊರಪದರ’ ಎಂದೊಡನೆ ಹತ್ತಾರು ಕಿಲೋಮೀಟರ್ ದಪ್ಪದ ಭೂಮಿಯ ಚಿಪ್ಪು ನೆನಪಾಗುತ್ತದೆ.

ಕೊಡಗಿನಲ್ಲಿ ನಾವು ‘ಬರೆಗೆ (ಕಡಿದಾದ ಮಣ್ಣಿನ ಇಳಿಜಾರಿಗೆ) ಪಾಚಿ ಹಿಡಿದಿದೆ’ ಎಂದಷ್ಟೇ ಹೇಳುತ್ತೇವೆ. ಕಾಫಿ ತೋಟದೊಳಗೆ ತರಗೆಲೆ ಮುಚ್ಚಿದಲ್ಲಿ ಬೆಳಕಿಲ್ಲದೆ ಇದು ನಿಲ್ಲದು. ರಸ್ತೆಗೆಂದು ಕಡಿದ ಬೋಳು ಬರೆಯ ಮೇಲೆ ಮೊದಲು ಬಂದು, ಮಳೆಹನಿಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಹಿಡಿದಿಟ್ಟು, ಹುಲ್ಲು, ಜರಿಗಿಡಗಳು ಬೇರೂರಿದ ಮೇಲೆ ಹಿಂದೆ ಸರಿಯುತ್ತದೆ. (ಬರೆಯೇ ಕುಸಿಯುವುದನ್ನು ಇಷ್ಟು ತೆಳುವಾದದ್ದು ತಡೆಯಲಾರದು.) ಫೆಬ್ರವರಿಯಲ್ಲಿ ಮನೆಯ ಹಿಂದಿನ ಬರೆಯಿಂದ ಉಗುರಿನಷ್ಟು ಚೂರೊಂದನ್ನು ಎಬ್ಬಿಸಿ ನೋಡಿದೆ: ಕಪ್ಪಗೆ ಒಣಗಿತ್ತು, ಅಡಿಯಲ್ಲಿ ಕೂದಲಿಗಿಂತ ತೆಳುವಾದ ಎಳೆಗಳಿಗೆ ಮರಳಕಣಗಳು ಜೋತುಬಿದ್ದಿದ್ದವು. ಎರಡು ಹನಿ ನೀರು ಬಿಟ್ಟೊಡನೆ ಹಾವಸೆಯ ಎಲೆಗಳು ಬಿಚ್ಚಿಕೊಂಡು ಹಸಿರಾದವು.

ಒಣನಾಡಿನಲ್ಲಿ ‘ಪಾಚಿ’ ಎಂಬ ಪದ ಸೋಲುತ್ತದೆ, ಏಕೆಂದರೆ ನಮಗೆ ಪಾಚಿಯೆಂದರೆ ತೇವ, ಜಾರಿಕೆ. ಅಲ್ಲಿ ಈ ಪದರ ವರ್ಷದ ಬಹುಕಾಲ ಒಣಗಿ ಮಲಗಿದ್ದು, ನೆನೆದಾಗ ಮಾತ್ರ ಎಚ್ಚೆತ್ತು, ಗಾಳಿಯ ಸಾರಜನಕವನ್ನೂ ನೆಲಕ್ಕೆ ಸೇರಿಸುತ್ತದೆ. ನೀರಿನ ವಿಷಯದಲ್ಲಿ ಅದರ ನಡತೆ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಕೊಲರಾಡೊ ಪ್ರಸ್ಥಭೂಮಿಯಲ್ಲಿ ಚಳಿಗಾಲದ ಹಿಮಗಟ್ಟುವಿಕೆಯಿಂದ ಗುಬುಟು ಗುಬುಟಾಗಿ ಎದ್ದು ಹರಿವ ನೀರನ್ನು ತಡೆದು ಇಂಗಿಸುತ್ತದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ನುಣುಪಾಗಿದ್ದು ನೀರನ್ನು ಹರಿಯಗೊಟ್ಟು ಪಕ್ಕದ ಕುರುಚಲು ಗಿಡಗಳ ಬುಡಕ್ಕೆ ತಲುಪಿಸುತ್ತದೆ. ನಮೀಬ್ ಮರುಭೂಮಿಯ ಕರಾವಳಿಯಲ್ಲಿ ಕಲ್ಲುಹೂವುಗಳು ಮಂಜಿನ ತೇವದಿಂದಲೇ ಬದುಕುತ್ತವೆ.

ಗಾಯದ ಮೇಲೆ ಒಣಗಿ ಕಟ್ಟುವ ‘ಹಕ್ಕಳೆ’ಯಲ್ಲಿ ಒಣತನವಿದೆ, ಆದರೆ ಅದು ಉದುರಿಹೋಗುವಂಥದ್ದು. ಮಳೆಯ ಹೊಡೆತಕ್ಕೆ ಗಟ್ಟಿಯಾಗಿ ಬಿರಿದೇಳುವ ನಿರ್ಜೀವ ಪದರಕ್ಕೆ ಅದನ್ನು ಮೀಸಲಿಡುವುದು ಲೇಸು. ಜೀವಂತ ಪದರಕ್ಕೆ ನನಗೆ ಒಪ್ಪುವುದು ‘ನೆಲಪೊರೆ’: ಪೊರೆ ಎಂದರೆ ತೆಳುವಾದ ಹೊದಿಕೆ, ಪೊರೆಯುವುದೆಂದರೆ ಕಾಪಾಡುವುದು. ಹಾವು ಕಳಚುವ ಪೊರೆ ಅಡ್ಡಬರುವುದೇ? ಚಿತ್ರದುರ್ಗ, ರಾಯಚೂರು ಕಡೆಯ ರೈತರ ಬಾಯಲ್ಲಿ ಇದಕ್ಕೆ ಈಗಾಗಲೇ ಹೆಸರಿದ್ದರೆ ಅದನ್ನೇ ಎತ್ತಿಕೊಳ್ಳಲು ಇಚ್ಛಿಸುತ್ತೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.